ಆಂಟಿಸೆಮಿಟಿಸಂ: ಬಾವಿಯಲ್ಲಿ ಇಲ್ಲದ ವಿಷ

ಆಂಟಿಸೆಮಿಟಿಸಂ ಅಂದರೆ ಯೆಹೂದಿಗಳ ಮೇಲಿನ ದ್ವೇಷ. ಅರ್ಥ ಇಷ್ಟೇ. ಆದರೆ ಪದವನ್ನು ಬಿಡಿಸಿ ನೋಡಿದರೆ ಈ ಅರ್ಥ ಸಿಗುವುದಿಲ್ಲ. ‘ಸೆಮಿಟಿಕ್’ ಅನ್ನುವುದು ಒಂದು ಭಾಷಾ ಕುಟುಂಬದ ಹೆಸರು. ಹೀಬ್ರೂ, ಅರಬ್ಬಿ, ಅರಾಮಿಕ್ ಎಲ್ಲ ಅದರೊಳಗೆ ಬರುತ್ತವೆ. ಬೈಬಲ್ಲಿನ ನೋಹನ ಮಗ ಶೇಮ್‌ನ ಹೆಸರಿನಿಂದ 1781ರಲ್ಲಿ ಜರ್ಮನ್ ವಿದ್ವಾಂಸ ಶ್ಲೋಟ್ಸರ್ ಇದನ್ನು ಬಳಕೆಗೆ ತಂದರು. ಹಾಗಾದರೆ ಯೆಹೂದಿಗಳನ್ನು ಕಂಡರಾಗದವರಿಗೆ ಈ ಭಾಷಾಶಾಸ್ತ್ರದ ಪದ ಯಾಕೆ ಬೇಕಾಯಿತು?

ಜರ್ಮನ್ ಭಾಷೆಯಲ್ಲಿ ‘ಯೆಹೂದಿ ದ್ವೇಷ’ ಅನ್ನುವ ನೇರ ಪದ ಮೊದಲೇ ಇತ್ತು. ಅದರಲ್ಲಿ ಹಳೆಯ ಮತಜಗಳದ ವಾಸನೆ ಇತ್ತು. 1879ರಲ್ಲಿ ವಿಲ್ಹೆಲ್ಮ್ ಮಾರ್ ಎಂಬ ಪತ್ರಕರ್ತ ಯೆಹೂದಿಗಳ ವಿರುದ್ಧ ಒಂದು ಸಂಘ ಕಟ್ಟಿದ. ಅದರ ಹೆಸರಿನಲ್ಲೇ ಈ ಹೊಸ ಪದ ಇತ್ತು. ಪದ ಊರೆಲ್ಲ ಹರಡಿದ್ದು ಅಲ್ಲಿಂದ. ಈಗ ಮಾತು ಮತದ್ದಲ್ಲ, ರಕ್ತದ್ದು. ಮತವಾದರೆ ಬದಲಾಯಿಸಬಹುದು, ರಕ್ತ ಬದಲಾಯಿಸುವುದು ಹೇಗೆ? ದೀಕ್ಷೆ ತಗೊಂಡು ಕ್ರೈಸ್ತನಾದರೂ ಬಿಡುಗಡೆ ಇಲ್ಲ. ಈ ಪದದ ನಿಜವಾದ ಕ್ರೌರ್ಯ ಇಲ್ಲಿದೆ. ಅರಬ್ಬರೂ ಸೆಮಿಟಿಕ್ ಭಾಷೆಯವರೇ ಅಲ್ವಾ, ಅವರು ಹೇಗೆ ಆಂಟಿಸೆಮೈಟ್ ಆಗ್ತಾರೆ ಎಂದು ಕೆಲವರು ಕೇಳುವುದುಂಟು. ಪದ ಹರಡಿದ ದಿನದಿಂದ ಅದು ಬೆರಳು ತೋರಿಸಿದ್ದು ಯೆಹೂದಿಗಳ ಕಡೆಗೆ ಮಾತ್ರ.

ಇನ್ನು, ಈ ದ್ವೇಷ ಯಾಕೆ ಅನ್ನುವ ಪ್ರಶ್ನೆ. ವಿದ್ವಾಂಸರು ಒದ್ದಾಡಿದ್ದು ಇಲ್ಲೇ. ಅದನ್ನು ಅರಿಯಲು ಒಂದೇ ಒಂದು ಘಟನೆಯನ್ನು ಹತ್ತಿರದಿಂದ ನೋಡೋಣ.

1348. ಯುರೋಪಿನಲ್ಲಿ ಪ್ಲೇಗು. ಯೆಹೂದಿಗಳು ಬಾವಿಗಳಿಗೆ ವಿಷ ಹಾಕಿದ್ದಾರೆ ಅನ್ನುವ ಗುಲ್ಲು ಎದ್ದಿತು. ಜಿನೀವಾ ಸರೋವರದ ದಡದ ಶಿಲಾನ್ ಕೋಟೆಯಲ್ಲಿ ಯೆಹೂದಿಗಳನ್ನು ಹಿಂಸಿಸಿ ತಪ್ಪೊಪ್ಪಿಗೆ ಬರೆಸಿಕೊಂಡರು. ಆ ಸುದ್ದಿ ಊರಿಂದೂರಿಗೆ ಹೋಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೋಪ್ ಆರನೆಯ ಕ್ಲೆಮೆಂಟ್ ಒಂದು ಆಜ್ಞಾಪತ್ರ ಹೊರಡಿಸಿದರು. ಪ್ಲೇಗಿನಲ್ಲಿ ಯೆಹೂದಿಗಳೂ ಸಾಯುತ್ತಿದ್ದಾರೆ, ಯೆಹೂದಿಗಳೇ ಇಲ್ಲದ ಊರುಗಳಲ್ಲೂ ಜನ ಸಾಯುತ್ತಿದ್ದಾರೆ, ಹಾಗಿರುವಾಗ ಈ ಆರೋಪ ಹೇಗೆ ನಂಬುವುದು ಎಂಬುದು ಅವರ ವಾದ. ಎಷ್ಟು ನೇರವಾದ ಮಾತು! ಯಾರೂ ಕೇಳಲಿಲ್ಲ. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಯೆಹೂದಿಗಳನ್ನು ಅವರದೇ ಸ್ಮಶಾನದಲ್ಲಿ ಸುಟ್ಟರು. ಅವರನ್ನು ಉಳಿಸಲು ನೋಡಿದ ನಗರಸಭೆಯವರನ್ನು ಅದಕ್ಕೂ ಮೊದಲೇ ಕೆಳಗಿಳಿಸಿದ್ದರು. ಆ ಹೊತ್ತಿಗೆ ಆ ಊರಿಗೆ ಪ್ಲೇಗು ಇನ್ನೂ ಕಾಲಿಟ್ಟಿರಲಿಲ್ಲ.

ಸುಟ್ಟಮೇಲೆ ಯೆಹೂದಿಗಳ ಹತ್ತಿರ ಇದ್ದ ಅಡವಿನ ವಸ್ತು, ಸಾಲದ ಪತ್ರ ಎಲ್ಲ ಸಾಲಗಾರರಿಗೆ ವಾಪಸ್ ಆದವು. ಅವರನ್ನು ಕೊಂದದ್ದು ಹಣವೇ ಎಂದು ಆ ಊರಿನ ಇತಿಹಾಸ ಬರೆದವನೇ ಹೇಳಿದ್ದಾನೆ. ಸಾಲ, ಬಡ್ಡಿ, ಹೊಟ್ಟೆಯುರಿ ಎಂದು ಆರ್ಥಿಕ ಕಾರಣ ಕೊಡುವವರಿಗೆ ಇಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಸಾಲ ತೀರಿಸದಿರಲು ನೂರು ದಾರಿ ಇವೆ. ಸಾಲಗಾರನಿಗೆ ಯೆಹೂದಿಯನ್ನು ಕೊಲ್ಲುವುದು ಲಾಭವಾಗಿರಬಹುದು. ಸಾಲವೇ ಮಾಡದ ನೆರೆಯವನು ವಿಷದ ಕತೆಯನ್ನು ಯಾಕೆ ನಂಬಿದ?

ಇದಕ್ಕೆ ಫ್ರಾನ್ಸಿನ ಇತಿಹಾಸಕಾರ ಜೂಲ್ ಇಸಾಕ್ ಉತ್ತರ ಹುಡುಕಿದರು. ಅವರ ಹೆಂಡತಿಯನ್ನೂ ಮಗಳನ್ನೂ ನಾಜಿಗಳು ಹಿಡಿದೊಯ್ದು ಕೊಂದಿದ್ದರು. ಶತಮಾನಗಳ ಕಾಲ ಚರ್ಚುಗಳಲ್ಲಿ ಯೆಹೂದಿಗಳನ್ನು ‘ಕ್ರಿಸ್ತನನ್ನು ಕೊಂದವರು’ ಎಂದು ಹೇಳಿಕೊಟ್ಟದ್ದೇ ನೆಲ ಹದ ಮಾಡಿತು ಎಂದು ಅವರು ತೋರಿಸಿದರು. ಅದನ್ನು ‘ತಿರಸ್ಕಾರದ ಬೋಧನೆ’ ಎಂದು ಕರೆದರು. ಸುಮ್ನೆ ಪುಸ್ತಕ ಬರೆದು ಕೂರಲಿಲ್ಲ. 1960ರಲ್ಲಿ ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್ ಅವರನ್ನು ಕಂಡು ಮಾತಾಡಿದರು. ಕ್ರಿಸ್ತನ ಸಾವಿನ ಹೊಣೆಯನ್ನು ಎಲ್ಲ ಯೆಹೂದಿಗಳ ಮೇಲೆ ಹೊರಿಸುವಂತಿಲ್ಲ ಎಂದು 1965ರಲ್ಲಿ ಕ್ಯಾಥೊಲಿಕ್ ಚರ್ಚ್ ಘೋಷಿಸಿತು. ವಿದ್ವಾಂಸನೊಬ್ಬನ ವಿವರಣೆ ಹೀಗೆ ಫಲ ಕೊಟ್ಟದ್ದು ನೋಡಿದಾಗ ನನಗೆ ಮನಸ್ಸು ತುಂಬಿ ಬರುತ್ತದೆ.

ಎಲ್ಲರೂ ಮತವನ್ನೇ ಹಿಡಿಯಲಿಲ್ಲ. ಒಡೆಸ್ಸಾದ ವೈದ್ಯ ಪಿನ್ಸ್ಕರ್ ರಷ್ಯಾದಲ್ಲಿ ಯೆಹೂದಿಗಳ ಮೇಲೆ ನಡೆದ ದೊಂಬಿಗಳ ನಂತರ 1882ರಲ್ಲಿ ಇದನ್ನು ವಂಶಪಾರಂಪರ್ಯವಾಗಿ ಬಂದ ವಾಸಿಯಾಗದ ಮನೋರೋಗ ಅಂದರು. ನೊಂದವರ ಮಾತು, ಅರ್ಥವಾಗುತ್ತದೆ. ಆದರೆ ರೋಗ ಅಂದುಬಿಟ್ಟರೆ ರೋಗಿಯನ್ನು ತಪ್ಪಿತಸ್ಥ ಅನ್ನಲಾಗದು. ‘ಇದು ಎಂದೆಂದಿಗೂ ಇದ್ದದ್ದೇ’ ಅನ್ನುವ ವಾದವನ್ನು ರಾಜಕೀಯ ಚಿಂತಕಿ ಹಾನ್ನಾ ಅರೆಂಟ್ 1951ರಲ್ಲಿ ಇದೇ ಕಾರಣಕ್ಕೆ ತಳ್ಳಿಹಾಕಿದರು. ಯಾರೋ ಸಿಕ್ಕವರ ತಲೆಗೆ ಕಟ್ಟಿದರು ಅನ್ನುವ ಹರಕೆಯ ಕುರಿ ಸಿದ್ಧಾಂತವನ್ನೂ ಅವರು ಒಪ್ಪಲಿಲ್ಲ. ಅದಕ್ಕೆ ಅವರು ತಂದ ಕತೆ ಹೀಗಿದೆ. ಯುದ್ಧಕ್ಕೆ ಯೆಹೂದಿಗಳೇ ಕಾರಣ ಎಂದ ಒಬ್ಬ. ಹೌದು, ಯೆಹೂದಿಗಳು ಮತ್ತು ಸೈಕಲ್ ಸವಾರರು, ಎಂದ ಇನ್ನೊಬ್ಬ. ಸೈಕಲ್ ಸವಾರರು ಯಾಕೆ? ಯೆಹೂದಿಗಳು ಯಾಕೆ? ಯಾರಾದರೂ ಆಗಬಹುದಿತ್ತು ಅಂದರೆ, ಇವರೇ ಯಾಕೆ ಆದರು ಅನ್ನುವುದಕ್ಕೆ ಉತ್ತರ ಸಿಕ್ಕಂತಾಗಲಿಲ್ಲ ಅನ್ನುವುದು ಅರೆಂಟ್ ಅವರ ತಕರಾರು.

ಫ್ರಾನ್ಸಿನ ತತ್ವಜ್ಞಾನಿ ಸಾರ್ತ್ರ್ 1946ರಲ್ಲಿ ನೋಟವನ್ನೇ ತಿರುಗಿಸಿದರು. ಯೆಹೂದಿ ಇಲ್ಲದಿದ್ದರೆ ದ್ವೇಷಿಸುವವನು ಅವನನ್ನು ಹುಟ್ಟಿಸಿಕೊಳ್ಳುತ್ತಿದ್ದ ಎಂದರು. ದ್ವೇಷಿಸುವವನನ್ನು ನೋಡಿ ಅಂದದ್ದು ಸರಿ. ಆದರೆ ಯೆಹೂದಿಯನ್ನು ಯೆಹೂದಿಯಾಗಿಸುವುದೇ ಇತರರ ನೋಟ ಎಂದು ಬಿಟ್ಟದ್ದು ಜಾಸ್ತಿಯಾಯಿತು. ಅವರಿಗೆ ಮೂರು ಸಾವಿರ ವರ್ಷಗಳ ತಮ್ಮದೇ ಬಾಳು, ಭಾಷೆ, ಹಬ್ಬ ಇವೆ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಗೇವಿನ್ ಲ್ಯಾಂಗ್‌ಮ್ಯೂರ್ ಎಂಬ ಇತಿಹಾಸಕಾರ ಮಾಡಿದ ವಿಂಗಡಣೆ. ಒಬ್ಬ ಯೆಹೂದಿ ಮಾಡಿದ ತಪ್ಪನ್ನು ಇಡೀ ಸಮುದಾಯಕ್ಕೆ ಅಂಟಿಸುವುದು ಒಂದು ಬಗೆ. ಕೆಟ್ಟದ್ದೇ, ಆದರೆ ಅಂಥ ಪೂರ್ವಗ್ರಹ ಯಾರ ಮೇಲೂ ಇರುತ್ತದೆ. ಯಾವ ಯೆಹೂದಿಯೂ ಎಂದೂ ಮಾಡದ ಕೆಲಸವನ್ನು ಅವರ ಮೇಲೆ ಹೊರಿಸುವುದು ಬೇರೆಯೇ ಬಗೆ. ಬಾವಿಗೆ ವಿಷ, ಕ್ರೈಸ್ತ ಮಕ್ಕಳ ಬಲಿ, ಇವೆಲ್ಲ ಶುದ್ಧ ಕಲ್ಪನೆ. ಲ್ಯಾಂಗ್‌ಮ್ಯೂರ್ ಆಂಟಿಸೆಮಿಟಿಸಂ ಎಂಬ ಹೆಸರನ್ನು ಇಂಥ ಕಲ್ಪನೆಯ ಆರೋಪಗಳಿಗೆ ಮೀಸಲಿಟ್ಟರು. ಪೋಪನ ವಾದ ಯಾಕೆ ಸೋತಿತು ಅನ್ನುವುದು ಇಲ್ಲಿ ತಿಳಿಯುತ್ತದೆ. ಬಾವಿ ನೋಡಿ ಹುಟ್ಟಿದ ಮಾತನ್ನು ಬಾವಿ ತೋರಿಸಿ ಅಲ್ಲಗಳೆಯಬಹುದು. ಇದು ಬಾವಿ ನೋಡಿ ಹುಟ್ಟಿದ್ದಲ್ಲ.

ಇದೇ ಅಳತೆ ಕೋಲನ್ನು ಇಪ್ಪತ್ತನೆಯ ಶತಮಾನಕ್ಕೂ ಹಿಡಿಯಬಹುದು. ಜಗತ್ತನ್ನು ಆಳಲು ಯೆಹೂದಿ ಹಿರಿಯರು ಗುಟ್ಟಾಗಿ ಸಂಚು ಹೂಡಿದ್ದಾರೆ ಅನ್ನುವ ‘ದಾಖಲೆ’ 1903ರಲ್ಲಿ ರಷ್ಯಾದಲ್ಲಿ ಅಚ್ಚಾಯಿತು. ಮೂರನೆಯ ನೆಪೋಲಿಯನ್‌ನನ್ನು ಟೀಕಿಸಿದ 1864ರ ಒಂದು ಫ್ರೆಂಚ್ ಪುಸ್ತಕದಿಂದ ಅದನ್ನು ಕದ್ದದ್ದು ಎಂದು 1921ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಪುಟ ಹೋಲಿಸಿ ತೋರಿಸಿತು. ಆಮೇಲೂ ಅದನ್ನು ನಂಬುವವರು ನಂಬಿದರು. ನಾಜಿಗಳು ಶಾಲೆಗಳಲ್ಲೂ ಅದನ್ನು ಬಳಸಿದರು.

ಇಸ್ರೇಲ್ ಸರ್ಕಾರದ ಟೀಕೆ ಎಲ್ಲಿ ಮುಗಿಯುತ್ತದೆ, ದ್ವೇಷ ಎಲ್ಲಿ ಶುರುವಾಗುತ್ತದೆ ಅನ್ನುವ ಜಗಳ ಈಗ ಜೋರಾಗಿದೆ. 2016ರಲ್ಲಿ ಆಂಟಿಸೆಮಿಟಿಸಂ ಅಂದರೆ ಏನು ಎಂದು ಹೇಳುವ ಒಂದು ವ್ಯಾಖ್ಯಾನ ಬಂತು. ಅದು ಟೀಕೆಯ ಬಾಯಿ ಮುಚ್ಚಿಸಲು ಬಳಕೆಯಾಗುತ್ತಿದೆ ಎಂದು ಹಲವು ವಿದ್ವಾಂಸರು 2021ರಲ್ಲಿ ಜೆರುಸಲೇಮ್ ಘೋಷಣೆ ಎಂಬ ಇನ್ನೊಂದನ್ನು ಮುಂದಿಟ್ಟರು. ಒಂದು ಸರ್ಕಾರ ಮಾಡಿದ್ದನ್ನು ಪ್ರಶ್ನಿಸುವುದು ಒಂದು. ಅದಕ್ಕೆ ಜಗತ್ತಿನ ಯೆಹೂದಿಗಳನ್ನೆಲ್ಲ ಹೊಣೆ ಮಾಡುವುದು, ಹಳೆಯ ಸಂಚಿನ ಕತೆ ಹೊರತೆಗೆಯುವುದು ಇನ್ನೊಂದು.

ಕನ್ನಡದಲ್ಲಿ ಇದನ್ನು ‘ಯೆಹೂದಿ ವಿರೋಧ’ ಎಂದು ಬರೆಯುವುದನ್ನು ನೋಡಿದ್ದೇನೆ. ವಿರೋಧ ಅಂದರೆ ಒಂದು ಅಭಿಪ್ರಾಯಕ್ಕೋ ಯೋಜನೆಗೋ ಒಡ್ಡುವಂಥದ್ದು. ಮಾರ್‌ಗೆ ಬೇಕಾಗಿದ್ದೂ ಅಂಥದ್ದೇ ಒಂದು ಮರ್ಯಾದಸ್ಥ ಪದ. ನಾನು ‘ಯೆಹೂದಿ ದ್ವೇಷ’ ಎಂದೇ ಬರೆಯುತ್ತೇನೆ.