ಶಿಕ್ಷಕರು ಜೊತೆಗಿದ್ದರೂ ತರಬೇತಿ ವಿಮಾನ ಇಳಿಯುವಾಗ ಅಪಘಾತ ಯಾಕೆ?

ಓದುಗರ ಪ್ರಶ್ನೆ: ಸೇನೆಯ ತರಬೇತಿ ವಿಮಾನ ಇಳಿಯುವಾಗ ಅಪಘಾತವಾಯಿತು ಅಂತ ಆಗಾಗ ಸುದ್ದಿ ಓದುತ್ತೇನೆ. ಕಲಿಯುವವರ ಹಿಂದೆ ಅನುಭವಿ ಶಿಕ್ಷಕರು ಕೂತಿರುತ್ತಾರೆ. ತಪ್ಪಾಗುತ್ತಿದೆ ಅಂತ ಗೊತ್ತಾದ ಕೂಡಲೇ ಅವರು ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದಲ್ವಾ?

ಉತ್ತರ: ತೆಗೆದುಕೊಳ್ಳಬಹುದು, ತೆಗೆದುಕೊಳ್ಳುತ್ತಾರೆ ಕೂಡ. ಹಾಗೆ ಉಳಿದ ವಿಮಾನ ಸುದ್ದಿಯಾಗುವುದಿಲ್ಲ ಅಷ್ಟೆ. ಆದರೆ ನೆಲದ ಹತ್ತಿರ 'ಕೂಡಲೇ' ಅನ್ನುವುದಕ್ಕೆ ಸಿಗುವುದು ಒಂದೆರಡು ಸೆಕೆಂಡು.

ಇಳಿಯಲು ಬರುವ ವಿಮಾನ ಬೇಕಂತಲೇ ನಿಧಾನವಾಗಿರುತ್ತದೆ, ಸಾಮಾನ್ಯವಾಗಿ ಸ್ಟಾಲ್ ವೇಗದ 1.3 ಪಟ್ಟು. ಸ್ಟಾಲ್ ಅಂದರೆ ಎಂಜಿನ್ ಆಫ್ ಆಗುವುದಲ್ಲ. ಮೂಗು ಅತಿಯಾಗಿ ಎತ್ತಿದಾಗ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುವುದು. ಎತ್ತರದಲ್ಲಿ ಹೀಗಾದರೆ ಮೂಗು ತಗ್ಗಿಸಿ ಚೇತರಿಸಿಕೊಳ್ಳಬಹುದು. ಇಳಿಯುವಾಗ ತಗ್ಗಿಸಲು ಕೆಳಗೆ ಜಾಗವೇ ಇರುವುದಿಲ್ಲ. ಹಾಗಂತ ವೇಗ ಜಾಸ್ತಿ ಇಟ್ಟುಕೊಂಡು ಬಂದರೂ ಕಷ್ಟ. ವೇಗ 10% ಹೆಚ್ಚಾದರೆ, ವಿಮಾನ ನಿಲ್ಲಿಸಲು ಕರಗಿಸಬೇಕಾದ ಶಕ್ತಿ 21% ಹೆಚ್ಚುತ್ತದೆ. ರನ್‌ವೇ ಸಾಲದೇ ಹೋಗಬಹುದು.

ನಿಜವಾದ ಪರೀಕ್ಷೆ ಕೊನೆಯ ಕೆಲವು ಮೀಟರ್‌ಗಳದ್ದು. ಅಲ್ಲಿ ಮೂಗನ್ನು ಮೆಲ್ಲಗೆ ಎತ್ತಿ, ಹಿಂದಿನ ಚಕ್ರಗಳು ಮೊದಲು ನೆಲ ಮುಟ್ಟುವಂತೆ ಮಾಡಬೇಕು. ಇದಕ್ಕೆ ಫ್ಲೇರ್ ಅನ್ನುತ್ತಾರೆ. ಚೂರು ತಡವಾದರೆ ಚಕ್ರ ಬಡಿದು ವಿಮಾನ ಪುಟಿಯುತ್ತದೆ. ಹೊಸಬರ ಕೈ ತಾನಾಗಿಯೇ ಸ್ಟಿಕ್ಕನ್ನು (ಮೂಗನ್ನು ಎತ್ತುವ, ತಗ್ಗಿಸುವ ಹಿಡಿಕೆ) ಮುಂದಕ್ಕೆ ತಳ್ಳುತ್ತದೆ, ಕೆಳಗೆ ತರೋಣ ಅಂತ. ಆಗ ಮೂಗಿನ ಚಕ್ರ ಮೊದಲು ಬಡಿಯುತ್ತದೆ. ಎರಡನೇ ಪುಟಿತ ಇನ್ನೂ ಜೋರು. ಮೂರನೆಯದರಲ್ಲಿ ಆ ಚಕ್ರದ ಕಾಲೇ ಮುರಿಯಬಹುದು. ಮೊದಲ ಸಲ ಜೋರಾಗಿ ಪುಟಿದಾಗಲೇ ಪವರ್ ಕೊಟ್ಟು ಮೇಲೇರಿ ಇನ್ನೊಂದು ಸುತ್ತು ಹಾಕಿ ಬರುವುದು ಸರಿಯಾದ ದಾರಿ.

ಶಿಕ್ಷಕರ ಕಷ್ಟವೂ ಇಲ್ಲೇ. ಪ್ರತಿ ಸಲ ಸ್ಟಿಕ್ ಕಿತ್ತುಕೊಂಡರೆ ಕಲಿಯುವವರು ಕಲಿಯುವುದೇ ಇಲ್ಲ. ನಾಳೆ ಅವರು ಒಬ್ಬರೇ ಹಾರಬೇಕು. ಹಾಗಾಗಿ ಸಣ್ಣ ತಪ್ಪು ಆಗಲು ಬಿಟ್ಟು, ಅವರೇ ತಿದ್ದಿಕೊಳ್ಳುತ್ತಾರಾ ಅಂತ ಕಾಯಬೇಕು, ಕೈಯನ್ನು ಸ್ಟಿಕ್ಕಿನ ಪಕ್ಕದಲ್ಲೇ ಇಟ್ಟುಕೊಂಡು. ಆ ಕಾಯುವಿಕೆಗೆ ಬೇಕಾದ ಗಟ್ಟಿತನ ನನಗೆ ದೊಡ್ಡದಾಗಿ ಕಾಣುತ್ತದೆ. 100 ನಾಟ್ ವೇಗ ಅಂದರೆ ಸೆಕೆಂಡಿಗೆ 51 ಮೀಟರ್. ಶಿಕ್ಷಕರು 'ಐ ಹ್ಯಾವ್ ಕಂಟ್ರೋಲ್', ಅಂದರೆ ಇನ್ನು ವಿಮಾನ ನನ್ನ ಕೈಯಲ್ಲಿ, ಅಂತ ಹೇಳಿ ಮುಗಿಸುವಷ್ಟರಲ್ಲಿ ವಿಮಾನ ಅಷ್ಟು ದೂರ ಹೋಗಿರುತ್ತದೆ. ಜೆಟ್ ಆದರೆ ಥ್ರಾಟಲ್ (ಎಂಜಿನ್ ಬಲ ಹೆಚ್ಚಿಸುವ ಹಿಡಿಕೆ) ತಳ್ಳಿದ ಮೇಲೂ ಎಂಜಿನ್ ಪೂರ್ತಿ ಬಲಕ್ಕೆ ಬರಲು ಕೆಲವು ಸೆಕೆಂಡು ಬೇಕು.

ಇನ್ನೊಂದು ಮಾತು. ಕಲಿಯುವವರು ಒಂದೇ ಹಾರಾಟದಲ್ಲಿ ಚಕ್ರ ಮುಟ್ಟಿಸಿ ಮತ್ತೆ ಏರುವುದನ್ನು ಹಲವು ಸಲ ಮಾಡುತ್ತಾರೆ. ಇಳಿಯುವ ಸಲಗಳೇ ಜಾಸ್ತಿ, ಎಡವುವ ಅವಕಾಶವೂ ಜಾಸ್ತಿ.

ಅಪಾಯದಲ್ಲಿ ಪೈಲಟ್‌ನನ್ನು ಸೀಟಿನ ಸಮೇತ ಹೊರಗೆ ಚಿಮ್ಮಿಸುವ ಇಜೆಕ್ಷನ್ ಸೀಟ್ ಇದೆಯಲ್ಲ ಅನ್ನಬಹುದು. 'ಜೀರೋ-ಜೀರೋ' ಸೀಟು ವಿಮಾನ ನೆಲದ ಮೇಲೆ ನಿಂತಿದ್ದರೂ ಪೈಲಟ್‌ನನ್ನು ಉಳಿಸಬಲ್ಲದು. ಆದರೆ ಒಂದು ರೆಕ್ಕೆ ವಾಲಿದರೆ ಸೀಟು ಮೇಲಕ್ಕೆ ಹೋಗುವ ಬದಲು ಪಕ್ಕಕ್ಕೆ ಚಿಮ್ಮುತ್ತದೆ. ಹಾಗಾಗಿ ಸೀಟು ಚಿಮ್ಮಿಸುವ ಹಿಡಿ ಎಳೆಯುವ ನಿರ್ಧಾರವೂ ರೆಕ್ಕೆ ವಾಲುವ ಮೊದಲೇ ಆಗಬೇಕು. ಅಂದರೆ, ಮುಂದೆ ಕೂತವರು ಸರಿಮಾಡಿಕೊಳ್ಳಬಹುದು ಅಂತ ಶಿಕ್ಷಕರು ಇನ್ನೂ ಕಾಯುತ್ತಿರುವ ಅದೇ ಎರಡು ಸೆಕೆಂಡಿನಲ್ಲಿ.