ಸಂದರ್ಶನಕ್ಕೆ ಬ್ಲೇಜರ್ ಬೇಡ, ಮೈಗೆ ಸರಿಯಾಗಿ ಕೂರುವ ಶರ್ಟ್ ಸಾಕು

ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಶುರುವಾಯಿತೆಂದರೆ ನನಗೆ ಬರುವ ಮೊದಲ ಪ್ರಶ್ನೆ ಬ್ಲೇಜರ್‌ದೇ. "ಮೇಡಂ, ಬ್ಲೇಜರ್ ತಗೊಳ್ಳಲೇಬೇಕಾ?" ಕೇಳುವವರಲ್ಲಿ ಹೆಚ್ಚಿನವರು ದಾವಣಗೆರೆ, ರಾಯಚೂರು, ಚಿತ್ರದುರ್ಗದ ಕಡೆಯ ಮಕ್ಕಳು. ಮನೆಯಲ್ಲಿ ಆಗಲೇ ಫೀಸು, ಹಾಸ್ಟೆಲ್ಲು ಅಂತ ಸಾಲ ಆಗಿರುತ್ತದೆ. ಅದರ ಮೇಲೆ ನಾಲ್ಕೈದು ಸಾವಿರದ ಬ್ಲೇಜರ್, ಅದಕ್ಕೊಂದು ಟೈ, ಹೊಸ ಬೂಟು.

ಬೇಡ. ಡಿಗ್ರಿ ಅಥವಾ ಎಂಜಿನಿಯರಿಂಗ್ ಮುಗಿಸಿ ಮೊದಲ ಕೆಲಸಕ್ಕೆ ಹೋಗುವವರಿಗೆ ನಮ್ಮಲ್ಲಿ ಬ್ಲೇಜರ್ ಬೇಕಾಗುವ ಜಾಗಗಳು ತುಂಬಾ ಕಡಿಮೆ. ದೊಡ್ಡ ಹೋಟೆಲಿನ ರಿಸೆಪ್ಷನ್, ವಿಮಾನ ಕಂಪನಿಯ ಕೆಲಸ, ಎಂಬಿಎ ಮುಗಿಸಿದವರು ಹೋಗುವ ಕೆಲವು ಕನ್ಸಲ್ಟಿಂಗ್ ಕಂಪನಿಗಳು, ಇಷ್ಟೇ. ಉಳಿದ ಕಡೆ ಎದುರು ಕೂತಿರುವವರೇ ಬ್ಲೇಜರ್ ಹಾಕಿರುವುದಿಲ್ಲ.

ಹಾಗಂತ ಬಟ್ಟೆ ಹೇಗಿದ್ದರೂ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಸಂದರ್ಶನದ ಕೊಠಡಿಯಲ್ಲಿ ಮೇಜಿನ ಈಚೆ ಕಡೆ ಕೂತು ವರ್ಷಗಟ್ಟಲೆ ನೋಡಿದ್ದೇನೆ. ನಾವು ತುಂಬುವ ಹಾಳೆಯಲ್ಲಿ ವಿಷಯ ಜ್ಞಾನ, ಮಾತು, ಕಲಿಯುವ ಆಸಕ್ತಿ ಹೀಗೆ ಕಾಲಂಗಳಿರುತ್ತವೆ, ಬಟ್ಟೆಯ ಬ್ರ್ಯಾಂಡ್‌ಗೆ ಕಾಲಂ ಇಲ್ಲ. ಆದರೆ ಬಟ್ಟೆ ನಿಮಗೆ ತೊಂದರೆ ಕೊಡುತ್ತಿದ್ದರೆ ಅದು ನಿಮ್ಮ ಉತ್ತರದಲ್ಲಿ ಕಾಣುತ್ತದೆ.

ಒಬ್ಬ ಹುಡುಗ ಗೆಳೆಯನ ಬ್ಲೇಜರ್ ಹಾಕಿಕೊಂಡು ಬಂದಿದ್ದ. ತೋಳು ಬೆರಳಿನ ಗೆಣ್ಣಿನವರೆಗೆ ಇಳಿದಿತ್ತು. ತೋಳಿನ ತುದಿಯಲ್ಲಿ ಬ್ಲೇಜರ್ ಕಂಪನಿಯವರು ಕಚ್ಚಾ ಹೊಲಿಗೆ ಹಾಕಿ ಬ್ರ್ಯಾಂಡಿನ ಚೀಟಿ ಕೂರಿಸಿರುತ್ತಾರಲ್ಲ, ಅದು ಹಾಗೇ ಇತ್ತು. ಅದು ಅಂಗಡಿಯಲ್ಲಿ ತೋರಿಸಲಿಕ್ಕೆ ಇರುವುದು, ಮನೆಗೆ ತಂದ ಮೇಲೆ ಕಿತ್ತುಹಾಕಬೇಕು. ಹಿಂದುಗಡೆ ಸೀಳಿನ ಹತ್ತಿರ ಗುಣಾಕಾರ ಚಿಹ್ನೆಯ ಹಾಗೆ ಹಾಕಿರುವ ದಾರವೂ ಅಷ್ಟೇ, ಕತ್ತರಿಸಬೇಕು. ಡೇಟಾಬೇಸ್ ಬಗ್ಗೆ ಒಂದು ಪ್ರಶ್ನೆ ಕೇಳಿ, ಬೋರ್ಡಿನ ಮೇಲೆ ಬರೆದು ತೋರಿಸು ಅಂದೆವು. ಒಂದು ಸಾಲು ಬರೆಯುತ್ತಾನೆ, ತೋಳು ಮೇಲಕ್ಕೆ ಎಳೆದುಕೊಳ್ಳುತ್ತಾನೆ, ಮತ್ತೆ ಬರೆಯುತ್ತಾನೆ, ಮತ್ತೆ ಎಳೆದುಕೊಳ್ಳುತ್ತಾನೆ, ಅಷ್ಟರಲ್ಲಿ ಏನು ಬರೆಯುತ್ತಿದ್ದೆ ಅನ್ನುವುದೇ ಮರೆತುಹೋಗುತ್ತಿತ್ತು. ಪಕ್ಕದಲ್ಲಿದ್ದ ಸಹೋದ್ಯೋಗಿ "ಅದನ್ನ ತೆಗೆದು ಕುರ್ಚಿ ಮೇಲೆ ಹಾಕಪ್ಪ, ಆರಾಮಾಗಿ ಬರಿ" ಅಂದರು. ಒಳಗಡೆ ಅವನದೇ ಶರ್ಟ್, ಬಿಳಿದು, ಚೆನ್ನಾಗಿ ಇಸ್ತ್ರಿ ಮಾಡಿದ್ದು. ಆಮೇಲೆ ಅವನು ಬರೆದದ್ದೇ ಬೇರೆ ಥರ ಇತ್ತು. ಆ ಶರ್ಟಿನಲ್ಲೇ ಬಂದಿದ್ದರೆ ಸಾಕಿತ್ತು.

ಹಾಗಾಗಿ ನಾನು ಹೇಳುವುದು ಒಂದೇ. ಒಳಗೆ ಹೋಗಿ ಕೂತ ಮೇಲೆ ನಿಮಗೆ ನೆನಪೇ ಬರದಂಥ ಬಟ್ಟೆ ಹಾಕಿ.

ಮೊದಲು ಅಲ್ಲಿಯವರು ಏನು ಹಾಕುತ್ತಾರೆ ತಿಳಿದುಕೊಳ್ಳಿ. ಆ ಕಂಪನಿಯಲ್ಲಿ ನಿಮ್ಮ ಕಾಲೇಜಿನ ಸೀನಿಯರ್ ಯಾರಾದರೂ ಇದ್ದರೆ ಒಂದು ಮೆಸೇಜ್ ಹಾಕಿ. ಇಲ್ಲದಿದ್ದರೆ ಕಾಲ್ ಲೆಟರ್ ಕಳಿಸಿದವರನ್ನೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಐಟಿಯಲ್ಲಿ ಕಾಲ ಬದಲಾಗಿದೆ, ಇನ್ಫೋಸಿಸ್‌ನಂಥ ಕಂಪನಿಯೇ 2015ರಲ್ಲಿ ದಿನವೂ ಫಾರ್ಮಲ್ಸ್ ಹಾಕಬೇಕೆಂಬ ಕಟ್ಟುಪಾಡು ಸಡಿಲ ಮಾಡಿತು. ಕೋರಮಂಗಲದ ಸ್ಟಾರ್ಟಪ್ಪುಗಳಲ್ಲಿ ನಿಮ್ಮನ್ನು ಸಂದರ್ಶನ ಮಾಡುವವರು ಟೀ ಶರ್ಟಿನಲ್ಲಿ ಇರಬಹುದು. ಆದರೂ ನೀವು ತುಂಬು ತೋಳಿನ ಶರ್ಟು, ಗಾಢ ಬಣ್ಣದ ಪ್ಯಾಂಟು ಹಾಕಿಕೊಂಡು ಹೋದರೆ ಎಲ್ಲಿಯೂ ತಪ್ಪಾಗುವುದಿಲ್ಲ. ಬ್ಯಾಂಕಿಗೆ ಇದೇ ಉಡುಪು, ಇನ್‌ಶರ್ಟ್ ಮಾಡಿ ಬೆಲ್ಟ್ ಹಾಕಿ. ಟೈ ಕೇಳಿದರೆ ಮಾತ್ರ.

ಐಟಿಐ, ಡಿಪ್ಲೊಮಾ ಮಾಡಿದವರು ಇದೊಂದನ್ನು ಗಮನ ಕೊಟ್ಟು ಓದಿ. ಪೀಣ್ಯ, ಬೊಮ್ಮಸಂದ್ರ, ಬಿಡದಿ ಕಡೆಯ ಕಾರ್ಖಾನೆಗಳಲ್ಲಿ ಸಂದರ್ಶನ ಮಧ್ಯದಲ್ಲೇ "ಬನ್ನಿ, ಶಾಪ್ ಫ್ಲೋರ್ ನೋಡಿ ಬರೋಣ" ಅಂತ ಕರೆದುಕೊಂಡು ಹೋಗುವುದುಂಟು. ಚಪ್ಪಲಿ, ಸ್ಯಾಂಡಲ್ ಹಾಕಿದ್ದರೆ ಒಳಗೆ ಬಿಡುವುದಿಲ್ಲ. ತಿರುಗುವ ಲೇತು, ಡ್ರಿಲ್ಲಿನ ಹತ್ತಿರ ಜೋತಾಡುವ ದುಪಟ್ಟಾ, ಟೈ, ಸಡಿಲ ತೋಳು, ಕೈಯಲ್ಲಿನ ಕಡಗ, ಉಂಗುರ ಎಲ್ಲವೂ ಅಪಾಯ. ಮೇಂಟೆನೆನ್ಸ್ ವಿಭಾಗದ ಹಿರಿಯರು ನಿಮ್ಮನ್ನು ನೋಡುವುದೇ ಆ ಕಣ್ಣಿನಿಂದ. ಮುಚ್ಚಿದ ಬೂಟು, ಮೈಗೆ ಹೊಂದುವ ಶರ್ಟು ಹಾಕಿ, ಕೈಗೆ ಕಡಗ, ಉಂಗುರ ಇಲ್ಲದೆ ಬಂದ ಹುಡುಗ ಅಥವಾ ಹುಡುಗಿಗೆ ಮಷೀನಿನ ಹತ್ತಿರ ಹೇಗಿರಬೇಕು ಅಂತ ಗೊತ್ತಿದೆ ಅನ್ನುವುದು ಅವರಿಗೆ ಕೇಳದೆಯೇ ತಿಳಿಯುತ್ತದೆ. ನರ್ಸಿಂಗ್ ಕೆಲಸಕ್ಕೆ ಹೋಗುವವರಿಗೂ ಇಂಥದ್ದೇ ಲೆಕ್ಕ: ಉಗುರು ಚಿಕ್ಕದಿರಲಿ, ನೇಲ್ ಪಾಲಿಶ್ ಬೇಡ, ಕೂದಲು ಕಟ್ಟಿರಲಿ, ಸೆಂಟ್ ಬೇಡವೇ ಬೇಡ.

ಇನ್ನು ಅಳತೆ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಮೂರು ಸಾವಿರದ ಶರ್ಟ್ ಅಳತೆ ತಪ್ಪಿದರೆ ಎಂಟುನೂರರ ಶರ್ಟಿನ ಮುಂದೆ ನಿಲ್ಲುವುದಿಲ್ಲ. ರೆಡಿಮೇಡ್ ಶರ್ಟ್ ತಗೊಳ್ಳುವಾಗ ಮೊದಲು ಹೆಗಲು ನೋಡಿ. ತೋಳು ಜೋಡಿಸಿದ ಹೊಲಿಗೆ ಹೆಗಲಿನ ಮೂಳೆ ಮುಗಿಯುವಲ್ಲೇ ಕೂರಬೇಕು. ಪಕ್ಕೆ ಸಡಿಲವಾಗಿದ್ದರೆ ಟೈಲರ್ ಹಿಡಿದು ಕೊಡುತ್ತಾರೆ, ತೋಳಿನ ಉದ್ದ ಕಡಿಮೆ ಮಾಡಬಹುದು, ಆದರೆ ಹೆಗಲು ಸರಿ ಮಾಡುವುದು ದೊಡ್ಡ ಕೆಲಸ, ಬೀದಿಯ ಟೈಲರುಗಳು ಒಪ್ಪುವುದೂ ಕಷ್ಟ. ಕಾಲರ್ ಗುಂಡಿ ಹಾಕಿದ ಮೇಲೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಆಮೇಲೆ ಟ್ರಯಲ್ ರೂಮಿನಿಂದ ಹೊರಗೆ ಬಂದು ಅಲ್ಲಿರುವ ಸ್ಟೂಲಿನ ಮೇಲೆ ಕೂತುಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ! ಎಲ್ಲರೂ ಕನ್ನಡಿ ಮುಂದೆ ನಿಂತು ನೋಡುತ್ತಾರೆ. ಸಂದರ್ಶನದಲ್ಲಿ ನೀವು ಅರ್ಧ ಗಂಟೆ ಕೂತಿರುತ್ತೀರಿ. ಕೂತಾಗ ಹೊಟ್ಟೆಯ ಹತ್ತಿರ ಗುಂಡಿಗಳ ನಡುವೆ ಬಾಯಿ ಬಿಡುತ್ತದಾ, ಪ್ಯಾಂಟು ಮೇಲೇರಿ ಕಾಲಿನ ಚರ್ಮ ಕಾಣುತ್ತದಾ, ಸೊಂಟ ಕಚ್ಚುತ್ತದಾ ನೋಡಿ. ಕೈ ಮೇಲೆತ್ತಿ, ಇನ್‌ಶರ್ಟ್ ಹೊರಗೆ ಬರುತ್ತದಾ ನೋಡಿ.

ಹೊಸ ಶರ್ಟನ್ನು ಪ್ಯಾಕೆಟ್ಟಿನಿಂದ ತೆಗೆದು ಹಾಗೇ ಹಾಕಬೇಡಿ. ಮಡಿಕೆಯ ಗೆರೆಗಳು ಎದೆಯ ಮೇಲೆ ಚೌಕಾಕಾರ ಕಾಣುತ್ತವೆ. ಶುದ್ಧ ಕಾಟನ್ ಆದರೆ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಒಮ್ಮೆ ಒಗೆದು, ಇಸ್ತ್ರಿ ಮಾಡಿಸಿ, ಒಂದು ದಿನ ಕಾಲೇಜಿಗೆ ಹಾಕಿಕೊಂಡು ಹೋಗಿ. ದೂರದಿಂದ ಪ್ರಯಾಣ ಮಾಡುವವರಿಗೆ ಟೆರಿಕಾಟ್ ವಾಸಿ, ಬೇಗ ಸುಕ್ಕಾಗುವುದಿಲ್ಲ. ಬಣ್ಣದ ವಿಷಯದಲ್ಲಿ ಎಲ್ಲರೂ ತಿಳಿನೀಲಿ ಅನ್ನುತ್ತಾರೆ. ಚೆನ್ನಾಗೇ ಇರುತ್ತದೆ, ಆದರೆ ಬೆವರಿನ ಕಲೆ ತಿಳಿನೀಲಿ ಮತ್ತು ಬೂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಬಿಳಿಯೇ ಒಳ್ಳೆಯದು. ಬಿಳಿ ಶರ್ಟಿನ ಒಳಗೆ ಬಿಳಿ ಬನಿಯನ್‌ಗಿಂತ ಮೈಬಣ್ಣದ ಬನಿಯನ್ ಕಡಿಮೆ ಕಾಣುತ್ತದೆ.

ಹೆಣ್ಣುಮಕ್ಕಳು ಕೇಳುವುದು ಸೀರೆಯಾ, ಚೂಡಿದಾರಾ ಅಂತ. ಮನೆಯಲ್ಲಿ ಅಮ್ಮ, ಅತ್ತೆ "ಸೀರೆ ಉಟ್ಕೊಂಡ್ರೆ ಗೌರವ ಕಣೇ" ಅನ್ನುತ್ತಾರೆ. ನಿಮಗೆ ಸೀರೆ ಉಟ್ಟು ಬಸ್ಸು ಹತ್ತಿ, ಮೆಟ್ಟಿಲು ಹತ್ತಿ ಅಭ್ಯಾಸ ಇದ್ದರೆ ಸೀರೆಯಷ್ಟು ಚೆಂದ ಯಾವುದೂ ಇಲ್ಲ. ಶಾಲೆ, ಕಾಲೇಜಿನ ಕೆಲಸಕ್ಕಂತೂ ಸರಳವಾದ ಕಾಟನ್ ಸೀರೆ ತುಂಬಾ ಒಪ್ಪುತ್ತದೆ. ಆದರೆ ಸೆಂಡಾಫ್ ದಿನ ಒಮ್ಮೆ ಉಟ್ಟವರು ಸಂದರ್ಶನಕ್ಕೆ ಎರಡನೇ ಸಲ ಉಡಬೇಡಿ. ಸೆರಗು ಜಾರುತ್ತದಾ, ನೆರಿಗೆ ಬಿಚ್ಚುತ್ತದಾ ಅನ್ನುವ ಯೋಚನೆಯಲ್ಲೇ ಅರ್ಧ ಗಮನ ಹೋಗುತ್ತದೆ. ಕುರ್ತಾ, ಪ್ಯಾಂಟು, ಬೇಕಿದ್ದರೆ ಎರಡೂ ಕಡೆ ಪಿನ್ ಮಾಡಿದ ದುಪಟ್ಟಾ, ಎಲ್ಲ ಕಡೆ ನಡೆಯುತ್ತದೆ. ಶರ್ಟು, ಪ್ಯಾಂಟು ದಿನವೂ ಹಾಕುವವರು ಅದನ್ನೇ ಹಾಕಿ. ಕೈ ಆಡಿಸಿದರೆ ಸದ್ದು ಮಾಡುವ ಬಳೆ ಮಾತ್ರ ಅವತ್ತೊಂದು ದಿನ ಮನೆಯಲ್ಲಿರಲಿ, ಮೇಜಿಗೆ ತಾಗಿ ಮಾತು ಮಧ್ಯೆ ಮಧ್ಯೆ ತುಂಡಾಗುತ್ತದೆ. ಹಣೆಯ ವಿಭೂತಿ, ಕುಂಕುಮ, ತಲೆಯ ಹಿಜಾಬ್, ಪೇಟ, ದಿನವೂ ಇರುವಂಥದ್ದನ್ನು ಸಂದರ್ಶನಕ್ಕೋಸ್ಕರ ಯಾರೂ ತೆಗೆಯಬೇಕಾಗಿಲ್ಲ. ಅದನ್ನು ನೋಡಿ ಮಾರ್ಕು ಕಡಿಮೆ ಮಾಡುವವರಿದ್ದರೆ ತಪ್ಪು ಅವರದು. ಇದನ್ನು ನನ್ನ ಜೊತೆ ಪ್ಯಾನೆಲ್‌ನಲ್ಲಿ ಕೂರುವವರಿಗೂ ಹೇಳುತ್ತೇನೆ.

ಬೂಟು ಹಳೆಯದಾದರೂ ಪರವಾಗಿಲ್ಲ, ಪಾಲಿಶ್ ಆಗಿರಲಿ. ಹೊಸ ಬೂಟು ಹಿಮ್ಮಡಿ ಕಚ್ಚಿದರೆ ಕುಂಟಿಕೊಂಡು ಒಳಗೆ ಬರುತ್ತೀರಿ. ಸಾಕ್ಸ್ ಪ್ಯಾಂಟಿನ ಬಣ್ಣದ್ದು, ಅರ್ಧ ಕಾಲಿನವರೆಗೆ ಬರುವಂಥದ್ದು.

ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ಇಳಿಯುವವರು ಸಂದರ್ಶನದ ಬಟ್ಟೆಯನ್ನು ಮೈಮೇಲೆ ಹಾಕಿಕೊಂಡು ಬರಬೇಡಿ, ದಯವಿಟ್ಟು. ಶರ್ಟಿನೊಳಗೆ ಒಂದು ರಟ್ಟು ಇಟ್ಟು ಮಡಚಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬ್ಯಾಗಿನಲ್ಲಿ ಎಲ್ಲದರ ಮೇಲೆ ಇಡಿ. ಗೆಳೆಯರ ಪಿಜಿಯಲ್ಲೋ ನೆಂಟರ ಮನೆಯಲ್ಲೋ ಸ್ನಾನ ಮಾಡಿ ಬಟ್ಟೆ ಬದಲಿಸುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಡೆ, ಇನ್ನೊಂದು ಜೊತೆ ಸಾಕ್ಸ್ ಇರಲಿ. ಒದ್ದೆ ಸಾಕ್ಸಿನಲ್ಲಿ ಏಸಿ ಕೊಠಡಿಯಲ್ಲಿ ಕೂರುವುದು ಎಷ್ಟು ಹಿಂಸೆ ಅಂತ ಕೂತವರಿಗೇ ಗೊತ್ತು.

ವಿಡಿಯೊ ಸಂದರ್ಶನಕ್ಕೆ ಮಾತ್ರ ಮೇಲಿನ ಬಿಳಿಯ ಮಾತು ತಿರುಗುಮುರುಗು. ಅಪ್ಪಟ ಬಿಳಿ ಶರ್ಟ್ ಹಾಕಿದರೆ ಕ್ಯಾಮೆರಾ ಬೆಳಕು ಕಡಿಮೆ ಮಾಡಿಕೊಂಡು ಮುಖ ಕಪ್ಪಾಗಿ ಕಾಣಿಸಬಹುದು. ಸಣ್ಣ ಗೆರೆ, ಸಣ್ಣ ಚೌಕುಳಿಯ ಬಟ್ಟೆ ಪರದೆಯ ಮೇಲೆ ಮಿಣಮಿಣ ಅನ್ನುತ್ತದೆ. ನೀಲಿ, ಮರೂನ್, ಹಸಿರಿನ ಥರ ಒಂದೇ ಬಣ್ಣದ್ದು ಹಾಕಿ, ಕಿಟಕಿಗೆ ಮುಖ ಮಾಡಿ ಕೂತುಕೊಳ್ಳಿ. ಕೆಳಗಡೆ ಪ್ಯಾಂಟೂ ಸರಿಯಾದದ್ದೇ ಇರಲಿ, ಚಾರ್ಜರ್ ಹಾಕಲು ಏಳಬೇಕಾಗುತ್ತದೆ.

ಇಷ್ಟಕ್ಕೆ ಎಷ್ಟು ದುಡ್ಡು ಬೇಕು? ಒಂದು ಶರ್ಟು, ಒಂದು ಪ್ಯಾಂಟು, ಟೈಲರ್ ಖರ್ಚು, ಇಸ್ತ್ರಿ, ಪಾಲಿಶ್. ಇದ್ದ ಬಟ್ಟೆಯೇ ಸರಿಯಾಗಿ ಕೂರುತ್ತಿದ್ದರೆ ಅದನ್ನೂ ಕೊಳ್ಳಬೇಕಾಗಿಲ್ಲ. ಮೊನ್ನೆ ತುಮಕೂರಿನ ಒಂದು ಕಾಲೇಜಿನಲ್ಲಿ ಹುಡುಗಿಯೊಬ್ಬಳು ಕೇಳಿದಳು: "ಎರಡನೇ ರೌಂಡಿಗೂ ಕರೆದಿದ್ದಾರೆ ಮೇಡಂ, ಅದೇ ಬಟ್ಟೆ ಹಾಕಿದ್ರೆ ಏನಾದ್ರೂ ಅಂದ್ಕೋತಾರಾ?" ಏನೂ ಅಂದುಕೊಳ್ಳುವುದಿಲ್ಲ. ಬಹಳಷ್ಟು ಸಲ ಎರಡನೇ ರೌಂಡಿಗೆ ಕೂರುವವರೇ ಬೇರೆ, ಅದೇ ಜನ ಇದ್ದರೂ ಅವರಿಗೆ ನೆನಪಿರುವುದು ನೀನು ಹೇಳಿದ ಪ್ರಾಜೆಕ್ಟ್ ವಿಷಯ. ಒಗೆದು, ಇಸ್ತ್ರಿ ಮಾಡಿ ಅದನ್ನೇ ಹಾಕ್ಕೊಂಡು ಹೋಗಮ್ಮ ಅಂದೆ.