ಠಾಣೆಗೆ ಬಂದು ಸುಮ್ನೆ ಕೂರುವ ನಾಯಿ

ಪೊಲೀಸ್ ನಾಯಿ ಅಂದರೆ ಮೂಸಬೇಕು, ಬೊಗಳಬೇಕು, ಕಳ್ಳನ ಬೆನ್ನು ಹತ್ತಬೇಕು. ಬೆಲ್ಜಿಯಂನ ಗೆಂಟ್ ನಗರದ ಪೊಲೀಸರು 1899ರಲ್ಲಿ ರಾತ್ರಿ ಗಸ್ತಿಗೆ ನಾಯಿಗಳನ್ನು ಸೇರಿಸಿಕೊಂಡಿದ್ದೂ ಇಂಥದ್ದಕ್ಕೇ. 'ಏನೂ ಮಾಡಬೇಡ, ಪಕ್ಕದಲ್ಲಿ ಕೂತಿರು ಸಾಕು' ಎಂದು ನಾಯಿಗೆ ಹೇಳಲು ಪೊಲೀಸರಿಗೆ ಇನ್ನೂ ನೂರು ವರ್ಷ ಹಿಡಿಯಿತು.

ಆ ಯೋಚನೆ ಹುಟ್ಟಿದ್ದು ಠಾಣೆಯಲ್ಲಲ್ಲ. ನ್ಯೂಯಾರ್ಕಿನಲ್ಲಿ ಬೋರಿಸ್ ಲೆವಿನ್ಸನ್ ಎಂಬ ಮಕ್ಕಳ ಮನಶ್ಶಾಸ್ತ್ರಜ್ಞರಿದ್ದರು. ಒಂದು ದಿನ ಒಬ್ಬ ಹುಡುಗ ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟ. ಅವರ ನಾಯಿ ಜಿಂಗಲ್ಸ್ ಇನ್ನೂ ಕೋಣೆಯಲ್ಲೇ ಇತ್ತು. ಯಾರ ಜತೆಯೂ ಬೆರೆಯದ ಹುಡುಗ ನಾಯಿಯ ಜತೆ ಆಡತೊಡಗಿದ, ಬರಬರುತ್ತಾ ಡಾಕ್ಟರ ಜತೆಗೂ ಬೆರೆತ. 1962ರಲ್ಲಿ ಲೆವಿನ್ಸನ್ ಇದನ್ನು ಪ್ರಬಂಧವಾಗಿ ಬರೆದರು. ಫೀಸಿನಲ್ಲಿ ನಾಯಿಯ ಪಾಲೆಷ್ಟು ಎಂದು ಜತೆಯವರು ಗೇಲಿ ಮಾಡಿದರಂತೆ. 1976ರಲ್ಲಿ ಅಮೆರಿಕದ ನರ್ಸ್ ಎಲೇನ್ ಸ್ಮಿತ್ ಇಂಥ ನಾಯಿಗಳಿಗಾಗಿಯೇ ಒಂದು ಸಂಸ್ಥೆ ಕಟ್ಟಿದರು.

ನ್ಯಾಯಾಲಯಕ್ಕೆ ನಾಯಿ ಬಂದಿದ್ದು ಹೆಚ್ಚುಕಡಿಮೆ ಆಕಸ್ಮಿಕವಾಗಿ. ಸಿಯಾಟಲ್‌ನ ಸರ್ಕಾರಿ ವಕೀಲೆ ಎಲೆನ್ ಓನೀಲ್-ಸ್ಟೀಫನ್ಸ್ ಅವರ ಮಗನಿಗೆ ನೆರವಿಗೆಂದು ಜೀಟರ್ ಎಂಬ ನಾಯಿ ಇತ್ತು. 2003ರಲ್ಲಿ ದೌರ್ಜನ್ಯಕ್ಕೊಳಗಾದ ಅವಳಿ ಹುಡುಗಿಯರು ಸಾಕ್ಷಿ ಹೇಳಬೇಕಾದಾಗ ಜೀಟರ್ ಅವರ ಜತೆಗಿತ್ತು.

ತಕರಾರೂ ಎದ್ದಿತು. 2011ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಅತ್ಯಾಚಾರ ಪ್ರಕರಣದಲ್ಲಿ ರೋಸಿ ಎಂಬ ಗೋಲ್ಡನ್ ರಿಟ್ರೀವರ್ ಸಾಕ್ಷಿಕಟ್ಟೆಯಲ್ಲಿ ಹುಡುಗಿಯ ಪಕ್ಕ ಕೂತಿತು. ಆರೋಪಿ ಪರ ವಕೀಲರು ಹೇಳಿದ್ದು ಇಷ್ಟು: ಸುಳ್ಳು ಹೇಳುವವರಿಗೂ ಒತ್ತಡವಾಗುತ್ತದೆ, ನಾಯಿ ಅವರನ್ನೂ ಸಂತೈಸುತ್ತದೆ, ಆದರೆ ನೋಡುವ ಜ್ಯೂರಿಗೆ ಅದು ಸತ್ಯದ ಗುರುತಾಗಿ ಕಾಣುತ್ತದೆ. ತಳ್ಳಿಹಾಕುವಂಥ ವಾದವಲ್ಲ ಇದು, ಅಲ್ವಾ? ಆದರೂ 2013ರಲ್ಲಿ ಮೇಲ್ಮನವಿ ನ್ಯಾಯಾಲಯ ನಾಯಿ ಇದ್ದದ್ದು ತಪ್ಪಲ್ಲ ಎಂದಿತು. ಈಗ ಎಷ್ಟೋ ಕಡೆ ನಾಯಿ ಜ್ಯೂರಿಯ ಕಣ್ಣಿಗೆ ಬೀಳದಂತೆ ಕಟಕಟೆಯೊಳಗೆ ಮಲಗಿರುತ್ತದೆ.

ಪೊಲೀಸರ ನೊಂದವರ ನೆರವಿನ ವಿಭಾಗಗಳಿಗೂ ಇದು ಹಬ್ಬಿತು. ಕೆನಡಾದ ಡೆಲ್ಟಾ ಪೊಲೀಸರ ಬಳಿ 2010ರಲ್ಲಿ ಕೇಬರ್ ಎಂಬ ಲ್ಯಾಬ್ರಡಾರ್ ಕೆಲಸಕ್ಕೆ ಸೇರಿತು.

ತಮ್ಮದೇ ನೋವಿಗೆ ಎಲ್ಲರಿಗಿಂತ ತಡವಾಗಿ ನಾಯಿ ಸಿಕ್ಕಿದ್ದು ಪೊಲೀಸರಿಗೇ. ತುರ್ತು ಕರೆ ಎತ್ತಿಕೊಳ್ಳುವವರು, ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ದಿನವಿಡೀ ನೋಡಬೇಕಾದ ತನಿಖಾಧಿಕಾರಿಗಳು ಒಳಗೊಳಗೇ ಕುಸಿಯುತ್ತಾರೆ. ಆದರೆ ಕೌನ್ಸೆಲಿಂಗ್‌ಗೆ ಹೋದರೆ 'ಇವನಿಗೇನೋ ಆಗಿದೆ' ಎನ್ನುವವರಿದ್ದಾರೆ. ನಾಯಿಯ ತಲೆ ಸವರಲು ಹೋದವನನ್ನು ಯಾರೂ ಹಾಗೆನ್ನುವುದಿಲ್ಲ. ನನ್ನ ಪ್ರಕಾರ ನಾಯಿಯ ದೊಡ್ಡ ಉಪಕಾರ ಈ ನೆಪವೇ. ಬ್ರಿಟನ್ನಿನಲ್ಲಿ 'ಆಸ್ಕರ್ ಕಿಲೋ 9' ಎಂಬ ಯೋಜನೆಯಡಿ ಇಂಥ ನಾಯಿಗಳು ಠಾಣೆಗಳಿಗೆ ಹೋಗುತ್ತವೆ. ನಾಯಿ ಹಿಡಿದು ಬರುವವರೂ ಸಹೋದ್ಯೋಗಿಗಳ ಕಷ್ಟ ಕೇಳುವ ತರಬೇತಿ ಪಡೆದವರೇ. ಕೈ ನಾಯಿಯ ಬೆನ್ನ ಮೇಲಿರುವಾಗ, ಕಣ್ಣಿಗೆ ಕಣ್ಣು ಕೊಡದೆ, ಮಾತು ಶುರುವಾಗುತ್ತದೆ.

ಹಾಗಂತ ನಾಯಿ ಡಾಕ್ಟರಲ್ಲ. ಅದಕ್ಕೂ ಸುಸ್ತಾಗುತ್ತದೆ. ನಿದ್ದೆ ಬರದಿದ್ದರೂ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಮುಖ ತಿರುಗಿಸಿದರೆ, ಅವತ್ತಿನ ಭೇಟಿ ಅಲ್ಲಿಗೇ ನಿಲ್ಲಿಸಿ ಮನೆಗೆ ಕರೆದೊಯ್ಯಬೇಕು.